ಕ್ಲಾವಾರೋ, ಲಿಬ್ರೆಆಫೀಸ್ ರೈಟರ್: ಹೈಸ್ಕೂಲ್ ಟೈಪಿಂಗ್ ತರಗತಿಗೆ ಈ ಜೋಡಿ ಎಷ್ಟು ಹೊಂದುತ್ತದೆ?

ಹೈಸ್ಕೂಲ್ ಮಕ್ಕಳಿಗೆ ಟೈಪಿಂಗ್ ಮತ್ತು ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಕಲಿಸಲು ದುಡ್ಡು ಕೊಟ್ಟು ತಂತ್ರಾಂಶ ತರಬೇಕೆಂದು ಹೊರಡುವ ಮುನ್ನ ಈ ಎರಡನ್ನು ನೋಡುವುದು ಒಳ್ಳೆಯದು. ಬೆರಳಿಗೆ ಟೈಪಿಂಗ್ ಕಲಿಸುವ ಕ್ಲಾವಾರೋ, ಪುಟಕ್ಕೆ ಪತ್ರ, ವರದಿ ಬರೆಯುವ ಲಿಬ್ರೆಆಫೀಸ್ ರೈಟರ್. ಎರಡೂ ಉಚಿತ, ಎರಡೂ ವಿಂಡೋಸ್ ಮೇಲೂ ಲಿನಕ್ಸ್ ಮೇಲೂ ನಡೆಯುತ್ತವೆ, ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಕೇಳುವುದಿಲ್ಲ, ಜಾಹೀರಾತಿನ ಕಾಟವಿಲ್ಲ. ಐದರಲ್ಲಿ ಕ್ಲಾವಾರೋಗೆ ಮೂರೂವರೆ, ರೈಟರ್‌ಗೆ ನಾಲ್ಕೂವರೆ. ಕ್ಲಾವಾರೋಗೆ ಅಂಕ ಕಡಿತವಾಗಿದ್ದು ಅದಕ್ಕೆ ಕಣ್ಣಿಲ್ಲವೆಂದು. ರೈಟರ್‌ಗೆ ಕಣ್ಣಿದೆ, ಆದರೆ ಬಹಳಷ್ಟು ತರಗತಿಗಳಲ್ಲಿ ಅದು ಮುಚ್ಚಿಯೇ ಇರುತ್ತದೆ. ಅದನ್ನು ತೆರೆಯುವುದು ಹೇಗೆಂದು ಮುಂದೆ ಬರುತ್ತದೆ.

ಮೊದಲು ಬೆರಳು

ಕ್ಲಾವಾರೋ ಅಂದರೆ ಎಸ್ಪೆರಾಂಟೋದಲ್ಲಿ, ಅಂದರೆ ಯಾವ ಒಂದು ದೇಶದ್ದೂ ಆಗದ ಹಾಗೆ ಕಟ್ಟಿದ ಭಾಷೆಯಲ್ಲಿ, ಕೀಬೋರ್ಡ್. ಹೆಸರಿನಂತೆಯೇ ಯಾವ ಒಂದು ಭಾಷೆಗೂ ಕಟ್ಟುಬೀಳದ ತಂತ್ರಾಂಶ ಇದು. ಬೇಕಾದ ಕೀ ವಿನ್ಯಾಸವನ್ನು ನಾವೇ ಬರೆದು ಸೇರಿಸಬಹುದು. ತೆರೆದರೆ ಕಾಣುವುದು ಒಂದು ಪೀಠಿಕೆ, ಆಮೇಲೆ ನಾಲ್ಕು ಹಂತ. ಬೇಸಿಕ್ ಕೋರ್ಸ್‌ನಲ್ಲಿ ಕೆಲವೇ ಕೀಗಳು, ಪಾಠಕ್ಕೊಂದಿಷ್ಟು. ಅಡಾಪ್ಟಬಿಲಿಟಿಯಲ್ಲಿ ಅರ್ಥವಿಲ್ಲದ ಅಕ್ಷರಗುಚ್ಛಗಳು, ಅಂಕಿ ಮತ್ತು ಚಿಹ್ನೆಗಳೂ ಸೇರಿ. ವೆಲಾಸಿಟಿಯಲ್ಲಿ ನಿಜವಾದ ಪದಗಳು. ಫ್ಲೂಯಿಡ್‌ನೆಸ್‌ನಲ್ಲಿ ಪೂರ್ತಿ ಪ್ಯಾರಾ. ಇಲ್ಲಿ ತಪ್ಪನ್ನು ಬ್ಯಾಕ್‌ಸ್ಪೇಸ್ ಒತ್ತಿ ತಿದ್ದಿಯೇ ಮುಂದೆ ಹೋಗಬೇಕು.

ಇವುಗಳಲ್ಲಿ ಮಕ್ಕಳಿಗೆ ಬೇಸರ ಬರುವುದು ಎರಡನೆಯದರಲ್ಲಿ, ಹೆಚ್ಚು ಉಪಯೋಗವಾಗುವುದೂ ಅದರಲ್ಲೇ. ಅರ್ಥವಿರುವ ಪದವಾದರೆ ಮೊದಲ ಎರಡಕ್ಷರ ನೋಡಿ ಉಳಿದದ್ದನ್ನು ಊಹಿಸಿ ಹೊಡೆದುಬಿಡುತ್ತಾರೆ. ಅರ್ಥವಿಲ್ಲದ ಗುಚ್ಛದಲ್ಲಿ ಊಹೆ ನಡೆಯುವುದಿಲ್ಲ, ಪ್ರತಿ ಕೀಯನ್ನೂ ಬೆರಳು ತಾನೇ ಹುಡುಕಿಕೊಳ್ಳಬೇಕು. ಬೇಸರವಾಯಿತೆಂದು ಈ ಹಂತ ಹಾರಿಸಿ ವೆಲಾಸಿಟಿಗೆ ಬಿಟ್ಟರೆ, ಎರಡು ತಿಂಗಳ ಮೇಲೂ ಅಂಕಿ ಸಾಲು ಬಂದಾಗೆಲ್ಲ ತಲೆ ಬಗ್ಗುತ್ತದೆ.

ಫ್ಲೂಯಿಡ್‌ನೆಸ್ ಹಂತದ ಅಳತೆ ಬೇರೆ ಟೈಪಿಂಗ್ ಟ್ಯೂಟರ್‌ಗಳಲ್ಲಿ ಅಪರೂಪ. ವೇಗದ ಜತೆಗೆ, ಒಂದು ಕೀ ಒತ್ತಿ ಇನ್ನೊಂದು ಒತ್ತುವ ನಡುವಿನ ಸಮಯ ಎಷ್ಟು ಸಮನಾಗಿದೆ ಎಂಬುದನ್ನೂ ಅದು ಲೆಕ್ಕ ಹಾಕುತ್ತದೆ. ನಾಲ್ಕು ಅಕ್ಷರ ಸಿಡಿಸಿ ಒಂದು ಕ್ಷಣ ನಿಂತು ಮತ್ತೆ ನಾಲ್ಕು ಸಿಡಿಸುವವರಿಗೆ ಇಲ್ಲಿ ಅಂಕ ಬೀಳುವುದಿಲ್ಲ. ಎರಡು ಕೈಗಳು ಪೈಪೋಟಿಗೆ ಬಿದ್ದು ಅಕ್ಷರಗಳು ಅದಲುಬದಲಾಗುವುದು ಇಂಥ ಓಟದಲ್ಲೇ. ತಾಳ ಸಮನಾದರೆ ಆ ಜಾತಿಯ ತಪ್ಪು ಅರ್ಧಕ್ಕರ್ಧ ತಾನಾಗಿಯೇ ನಿಲ್ಲುತ್ತದೆ.

ಇನ್ನು ಕಣ್ಣಿಲ್ಲದ ವಿಷಯ. ಯಾವ ಕೀ ಒತ್ತಿದರು, ಎಷ್ಟು ಹೊತ್ತಿಗೆ ಒತ್ತಿದರು ಅಷ್ಟೇ ತಂತ್ರಾಂಶಕ್ಕೆ ತಿಳಿಯುವುದು. ಯಾವ ಬೆರಳಿನಿಂದ ಅನ್ನುವುದು ತಿಳಿಯದು. ಎರಡು ತೋರುಬೆರಳಿನಲ್ಲಿ ಕುಟ್ಟುವ ಹುಡುಗ ನಿಮಿಷಕ್ಕೆ 30 ಪದ ಮುಟ್ಟಿ ಎಲ್ಲ ಪಾಠಗಳಲ್ಲೂ ಪಾಸಾಗಿಬಿಡಬಹುದು. ಹತ್ತು ಬೆರಳಿಗೆ ಬದಲಾದ ದಿನ ಅವನ ವೇಗ 12ಕ್ಕೆ ಕುಸಿಯುತ್ತದೆ, ಪರದೆಯ ಮೇಲಿನ ಗ್ರಾಫ್ ನೆಲ ಕಚ್ಚುತ್ತದೆ, ಮಾರನೇ ದಿನ ಮತ್ತೆ ತೋರುಬೆರಳಿಗೆ ಮರಳುತ್ತಾನೆ. ಮೊದಲ ಮೂರು ವಾರ ವೇಗಕ್ಕೆ ಅಂಕವೇ ಇಲ್ಲ ಎಂದು ಮೊದಲೇ ಹೇಳಿಬಿಡುವುದು ಇದಕ್ಕೇ. ಆ ಮೂರು ವಾರ ಪರೀಕ್ಷಿಸಬೇಕಾದ್ದು ಮೂರೇ ಸಂಗತಿ: ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬನ್ನು ತೋರುಬೆರಳು ತಡವಿ ಹುಡುಕುತ್ತಿದೆಯೇ, ಒತ್ತಿದ ಬೆರಳು ಹೋಮ್ ರೋಗೆ (ಬೆರಳುಗಳು ತಂಗುವ ನಡುವಿನ ಕೀ ಸಾಲಿಗೆ) ಮರಳುತ್ತಿದೆಯೇ, ಕಣ್ಣು ಪರದೆಯ ಮೇಲಿದೆಯೇ. ಕೈ ಮೇಲೆ ಒಂದು ಎ4 ಹಾಳೆ ಹೊದಿಸಿದರೆ ಮೂರನೆಯದು ತಾನಾಗಿ ಆಗುತ್ತದೆ. ಮೊದಲೆರಡಕ್ಕೆ ಬೆಂಚುಗಳ ನಡುವೆ ಓಡಾಡುವುದೊಂದೇ ದಾರಿ.

ಓಡಾಡುವಾಗ ಕಣ್ಣಿಗೆ ಬೀಳುವ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ದೊಡ್ಡಕ್ಷರಕ್ಕೆ ಶಿಫ್ಟ್ ಬದಲು ಕ್ಯಾಪ್ಸ್ ಲಾಕ್: ಹಾಕಲು ಒಂದು ಒತ್ತು, ಅಕ್ಷರಕ್ಕೆ ಒಂದು, ತೆಗೆಯಲು ಮತ್ತೊಂದು, ಮರೆತರೆ ಇಡೀ ಸಾಲು ಹಾಳು. ಶಿಫ್ಟ್ ಒತ್ತುವವರೂ ಎರಡಕ್ಕೂ ಒಂದೇ ಕೈ ಬಳಸಿ ಅಂಗೈ ತಿರುಚುತ್ತಾರೆ. ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಅನ್ನುವುದು ಅಭ್ಯಾಸವಾಗಲು ಒಂದು ವಾರ ಬೇಕು. ಬಿ ಕೀ ಎಡ ತೋರುಬೆರಳಿನದು, ವೈ ಬಲ ತೋರುಬೆರಳಿನದು, ಇವೆರಡು ಯಾವಾಗಲೂ ಅದಲುಬದಲು. ಕಿರುಬೆರಳು ಸೋಮಾರಿಯಾಗಿ ಮೇಲೆ ಎದ್ದು ನಿಂತರೆ ಪಿ ಕೀಗೂ ಎಂಟರ್‌ಗೂ ಇಡೀ ಕೈ ಸರಿಯುತ್ತದೆ, ಮರಳುವಾಗ ಒಂದು ಕೀ ಆಚೆ ಇಳಿಯುತ್ತದೆ. ಒಂದು ಸಾಲಿನಲ್ಲಿ ಬಲಗೈ ಅಕ್ಷರಗಳೆಲ್ಲ ಪಕ್ಕದ ಕೀಯದಾಗಿ ಬಿದ್ದಿದ್ದರೆ ಕಾರಣ ಇದೇ, ಕಾಗುಣಿತ ಬಾರದೆಂದಲ್ಲ. ಕೀಬೋರ್ಡಿನ ಹಿಂಬದಿಯ ಕಾಲುಗಳನ್ನು ಮಡಚಿಡಿ. ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ.

ವೇಗದ ಲೆಕ್ಕವನ್ನು ಮಕ್ಕಳಿಗೆ ಬಿಡಿಸಿ ತೋರಿಸಬೇಕು. ಪದ ಅಂದರೆ ಸ್ಪೇಸ್ ಸೇರಿ ಐದು ಒತ್ತು. ಐದು ನಿಮಿಷಕ್ಕೆ 900 ಒತ್ತಾದರೆ 180 ಪದ, ನಿಮಿಷಕ್ಕೆ 36. ತಿದ್ದದೆ ಬಿಟ್ಟ ತಪ್ಪು ಹತ್ತಿದ್ದರೆ ನಿಮಿಷಕ್ಕೆ ಎರಡು ಕಳೆದು ನಿವ್ವಳ 34. ಒಂದು ನಿಮಿಷದ ಪರೀಕ್ಷೆ ಕೊಡಬೇಡಿ, ಅದು ಬೆರಳಿನ ಓಟವನ್ನಷ್ಟೇ ಅಳೆಯುತ್ತದೆ. ಮೂರನೇ ನಿಮಿಷದ ಮೇಲೆ ತಪ್ಪು ಏರುವುದು ಐದು ನಿಮಿಷದ ಪರೀಕ್ಷೆಯಲ್ಲೇ ಕಾಣುವುದು.

ಲ್ಯಾಬಿನವರಿಗೆ ಒಂದು ಎಚ್ಚರಿಕೆ. ಕ್ಲಾವಾರೋ ಪ್ರಗತಿಯ ದಾಖಲೆಯನ್ನು ಕಂಪ್ಯೂಟರಿನ ಬಳಕೆದಾರರ ಖಾತೆಯೊಳಗೇ ಇಡುತ್ತದೆ. ಎಲ್ಲರೂ ಒಂದೇ ಲಾಗಿನ್‌ನಲ್ಲಿ ಕೂತರೆ ಬೆಳಗಿನ ತರಗತಿಯ ಗ್ರಾಫ್ ಮೇಲೆ ಮಧ್ಯಾಹ್ನದವರ ಗ್ರಾಫ್ ಕೂರುತ್ತದೆ. ಶಿಕ್ಷಕರಿಗೆ ಇಡೀ ತರಗತಿಯ ಅಂಕ ಒಂದೆಡೆ ತೋರಿಸುವ ಸೌಲಭ್ಯಕ್ಕಾಗಿ ಇದನ್ನು ಆರಿಸಬೇಡಿ. ವಿದ್ಯಾರ್ಥಿಗೊಂದು ಖಾತೆ ಮಾಡಿಕೊಡಿ, ಇಲ್ಲವೇ ದಿನದ ಕೊನೆಯ ಅಂಕವನ್ನು ನೋಟ್‌ಬುಕ್ಕಿನಲ್ಲಿ ಬರೆಸಿ. ಇನ್ನು ಸಮಯ. 40 ನಿಮಿಷದ ಪೀರಿಯಡ್‌ನಲ್ಲಿ ಡ್ರಿಲ್ಲಿಗೆ 15 ನಿಮಿಷ ಸಾಕು. ವಾರಕ್ಕೊಮ್ಮೆ ಪೂರ್ತಿ ಪೀರಿಯಡ್ ಕುಟ್ಟಿಸುವುದಕ್ಕಿಂತ ದಿನಕ್ಕೆ 15 ನಿಮಿಷ ಬೆರಳಿಗೆ ಹೆಚ್ಚು ಹತ್ತುತ್ತದೆ.

ರೈಟರ್ ಮತ್ತು ಅದರ ಕಣ್ಣು

ಉಳಿದ 25 ನಿಮಿಷ ರೈಟರ್‌ಗೆ. ಮೊದಲ ದಿನವೇ, ಒಂದಕ್ಷರ ಟೈಪ್ ಮಾಡುವ ಮುನ್ನ, ಕಂಟ್ರೋಲ್ + ಎಫ್10 ಒತ್ತಿಸಿ. ಮರೆಯಲ್ಲಿದ್ದ ಗುರುತುಗಳೆಲ್ಲ ಪರದೆಗೆ ಬರುತ್ತವೆ: ಸ್ಪೇಸ್ ಅಂದರೆ ಚುಕ್ಕೆ, ಟ್ಯಾಬ್ ಅಂದರೆ ಬಾಣ, ಎಂಟರ್ ಅಂದರೆ ಪ್ಯಾರಾ ಗುರುತು. ಇದೇ ಮೇಲೆ ಹೇಳಿದ ಕಣ್ಣು. ವರ್ಷಪೂರ್ತಿ ಇದನ್ನು ಮುಚ್ಚಬಾರದು. ಗುರುತುಗಳು ಕಣ್ಣಿಗೆ ಚುಚ್ಚುತ್ತವೆ ಎಂದು ಮೊದಲ ಎರಡು ದಿನ ಗೊಣಗುತ್ತಾರೆ, ಮೂರನೇ ದಿನ ಮರೆಯುತ್ತಾರೆ.

ಇದರ ಬೆಲೆ ಗೊತ್ತಾಗುವುದು ಒಂದು ಪತ್ರ ಬರೆಸಿದಾಗ. ಒಂದು ಪುಟದ ಪತ್ರ, ಕೆಳಗೆ ಒಂದೇ ಸಾಲಿನಲ್ಲಿ ಎಡಕ್ಕೆ ದಿನಾಂಕ, ಬಲಕ್ಕೆ ಸಹಿಯ ಹೆಸರು. ಏನೂ ಹೇಳಿಕೊಡದೆ ಬಿಟ್ಟರೆ ದಿನಾಂಕ ಹೊಡೆದು, ಹೆಸರು ಬಲಕ್ಕೆ ಹೋಗುವವರೆಗೆ ಸ್ಪೇಸ್ ಬಾರ್ ಒತ್ತಿ ಹಿಡಿಯುತ್ತಾರೆ. ಪ್ರಿಂಟ್ ತೆಗೆದರೆ ಹಾಳೆ ಲಕ್ಷಣವಾಗಿಯೇ ಕಾಣುತ್ತದೆ. ಪರದೆಯಲ್ಲಿ ಮಾತ್ರ ದಿನಾಂಕಕ್ಕೂ ಹೆಸರಿಗೂ ನಡುವೆ ಇರುವೆ ಸಾಲಿನ ಹಾಗೆ ಐವತ್ತು ಅರವತ್ತು ಚುಕ್ಕೆ. ಈಗ ಕಂಟ್ರೋಲ್ + ಎ ಒತ್ತಿ ಅಕ್ಷರದ ಗಾತ್ರ 12ರಿಂದ 14ಕ್ಕೆ ಏರಿಸಲಿ. ಹೆಸರಿನ ಅರ್ಧ ಭಾಗ ಕೆಳಗಿನ ಸಾಲಿಗೆ ಬಿದ್ದು ಎಡ ಅಂಚಿಗೆ ಹೋಗಿ ಕೂರುತ್ತದೆ. ಸ್ಪೇಸ್ ಬಾರ್ ಫಾರ್ಮ್ಯಾಟಿಂಗ್ ಸಾಧನವಲ್ಲ ಎಂದು ಹತ್ತು ಸಲ ಬೋರ್ಡಿನ ಮೇಲೆ ಬರೆಯುವ ಕೆಲಸ ಈ ಒಂದು ದೃಶ್ಯದಲ್ಲಿ ಮುಗಿಯುತ್ತದೆ.

ಸರಿಯಾದ ದಾರಿ ಹೀಗೆ. ರೈಟರ್‌ನಲ್ಲಿ ಎ4 ಪುಟದ ಅಂಚು ಸಾಮಾನ್ಯವಾಗಿ ಸುತ್ತ 2 ಸೆಂ.ಮೀ. ಪುಟದ ಅಗಲ 21, ಎರಡೂ ಬದಿ ಕಳೆದರೆ ಬರವಣಿಗೆಗೆ 17 ಸೆಂ.ಮೀ. ಆ ಸಾಲಿನಲ್ಲಿ ಕರ್ಸರ್ ಇಟ್ಟು ಫಾರ್ಮ್ಯಾಟ್ ಮೆನುವಿನಲ್ಲಿ ಪ್ಯಾರಾಗ್ರಾಫ್, ಅದರಲ್ಲಿ ಟ್ಯಾಬ್ಸ್. ಸ್ಥಾನ 17, ಬಗೆ ರೈಟ್, ನ್ಯೂ, ಓಕೆ. ದಿನಾಂಕ, ಒಂದೇ ಒಂದು ಟ್ಯಾಬ್, ಹೆಸರು. ಈಗ ಗಾತ್ರ 14 ಮಾಡಿದರೂ 16 ಮಾಡಿದರೂ ಹೆಸರಿನ ಕೊನೆಯಕ್ಷರ ಬಲ ಅಂಚಿಗೆ ಅಂಟಿಕೊಂಡೇ ಇರುತ್ತದೆ. ನಡುವೆ ಕಾಣುವುದು ಒಂದು ಬಾಣ ಮಾತ್ರ. ಇದರಲ್ಲಿ ಎಡವುವವರು ಮಾಡುವುದು ಎರಡು: ಟ್ಯಾಬ್ ಬಗೆಯನ್ನು ಲೆಫ್ಟ್‌ನಲ್ಲೇ ಬಿಟ್ಟು ಹೆಸರು ಅಂಚಿನಾಚೆ ಹೋಗಿ ಕೆಳಗೆ ಬೀಳುವ ಹಾಗೆ ಮಾಡುವುದು, ಇಲ್ಲವೇ ಕರ್ಸರ್ ಬೇರೆ ಸಾಲಿನಲ್ಲಿಟ್ಟು ಟ್ಯಾಬ್ ಹಾಕಿ ಏನೂ ಆಗಲಿಲ್ಲ ಅನ್ನುವುದು. ಟ್ಯಾಬ್ ನಿಲುಗಡೆ ಇಡೀ ದಾಖಲೆಯದಲ್ಲ, ಆ ಪ್ಯಾರಾದ್ದು.

ಇದೇ ಕಣ್ಣು ಸ್ಪೇಸ್ ಬಾರ್‌ನ ಅಣ್ಣನಾದ ಎಂಟರ್ ಕೀಯನ್ನೂ ಹಿಡಿಯುತ್ತದೆ. ಹೊಸ ಪುಟಕ್ಕೆ ಹೋಗಲು ಹದಿನೈದು ಎಂಟರ್, ಪ್ಯಾರಾ ನಡುವೆ ಜಾಗಕ್ಕೆ ಎರಡು ಎಂಟರ್. ಮೊದಲನೆಯದಕ್ಕೆ ಕಂಟ್ರೋಲ್ + ಎಂಟರ್. ಎರಡನೆಯದಕ್ಕೆ ಏನೂ ಒತ್ತಬೇಕಿಲ್ಲ: ಕಂಟ್ರೋಲ್ + 0 ಒತ್ತಿ ಬಾಡಿ ಟೆಕ್ಸ್ಟ್ ಶೈಲಿ (ಗಾತ್ರ, ಅಂತರ ಮುಂತಾದವನ್ನು ಒಂದೇ ಹೆಸರಿನಲ್ಲಿ ಕಟ್ಟಿಟ್ಟ ಗುಚ್ಛ) ಹಾಕಿದರೆ ಪ್ರತಿ ಪ್ಯಾರಾದ ಕೆಳಗೆ ಕಾಲು ಸೆಂ.ಮೀ. ಜಾಗ ತಾನೇ ಬರುತ್ತದೆ. ಸಾಲಿನ ಕೊನೆಯಲ್ಲಿ ಎಂಟರ್ ಹೊಡೆಯುವವರು ಈಗಲೂ ಇದ್ದಾರೆ. ಅಂಚು ಬದಲಾದ ಕೂಡಲೇ ಅವರ ಬರಹ ಅರ್ಧ ಸಾಲಿನ ಕವಿತೆಯಾಗುತ್ತದೆ.

ಶೈಲಿಗಳ ವಿಷಯಕ್ಕೆ ಬಂದರೆ ರೈಟರ್ ಇತರರಿಗಿಂತ ಒಂದು ಹೆಜ್ಜೆ ಮುಂದೆ. ಶೀರ್ಷಿಕೆಗೆ ಕಂಟ್ರೋಲ್ + 1, ಉಪಶೀರ್ಷಿಕೆಗೆ ಕಂಟ್ರೋಲ್ + 2, ಹೀಗೆ 5ರವರೆಗೆ. ಎಫ್11 ಒತ್ತಿದರೆ ಶೈಲಿಗಳ ಪಟ್ಟಿ. ಬೋಲ್ಡ್ ಮಾಡಿ ಗಾತ್ರ ಏರಿಸಿದ ಸಾಲೂ ನೋಡಲು ಶೀರ್ಷಿಕೆಯ ಹಾಗೇ ಇರುತ್ತದೆ, ಆದರೆ ಪರಿವಿಡಿ ಹಾಕಿದಾಗ ಖಾಲಿ ಚೌಕ ಬರುತ್ತದೆ. ಪರಿವಿಡಿ ಓದುವುದು ಶೈಲಿಯನ್ನು, ದಪ್ಪವನ್ನಲ್ಲ. ಎರಡನೇ ವಾರ ಮಾಡಿಸಬೇಕಾದ ಅಭ್ಯಾಸ ಇದು: ಆರು ಪುಟದ ವರದಿ, ನಾಲ್ಕು ಶೀರ್ಷಿಕೆ, ಮೊದಲ ಪುಟದಲ್ಲಿ ಪರಿವಿಡಿ. ಆಮೇಲೆ ನಡುವೆ ಒಂದು ಪುಟ ಸೇರಿಸಿ, ಪರಿವಿಡಿಯ ಮೇಲೆ ಬಲ ಕ್ಲಿಕ್ ಮಾಡಿ ಅಪ್‌ಡೇಟ್ ಕೊಡಿಸಿ. ಕೈಯಿಂದ ಚುಕ್ಕೆ ಹೊಡೆದು ಪುಟ ಸಂಖ್ಯೆ ಬರೆದವರ ಮುಖ ನೋಡುವ ಹಾಗಿರುತ್ತದೆ.

ಆವೃತ್ತಿ 7.6 ಅಥವಾ ಅದಕ್ಕಿಂತ ಹೊಸದಾದರೆ ಶೈಲಿಗಳ ಪಟ್ಟಿಯ ಕೆಳಗೆ ಸ್ಪಾಟ್‌ಲೈಟ್ ಎಂಬ ಗುರುತುಚೌಕ ಇರುತ್ತದೆ. ಅದನ್ನು ಒತ್ತಿದರೆ ಪ್ರತಿ ಪ್ಯಾರಾದ ಪಕ್ಕದಲ್ಲಿ ಬಣ್ಣದ ಪಟ್ಟಿ, ಅದರಲ್ಲಿ ಶೈಲಿಯ ಅಂಕಿ ಮೂಡುತ್ತದೆ. ಶೈಲಿಯ ಮೇಲೆ ಕೈಯಿಂದ ಏನಾದರೂ ಬದಲಿಸಿದ್ದರೆ ಪಟ್ಟಿ ಗೆರೆಗೆರೆಯಾಗಿ ಕಾಣುತ್ತದೆ. ಅಂಕ ಕೊಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಗೆರೆಗೆರೆ ಕಂಡ ಕಡೆ ಕಂಟ್ರೋಲ್ + ಎಂ ಒತ್ತಿದರೆ ಕೈಬದಲಾವಣೆ ಹೋಗಿ ಶೈಲಿ ಮಾತ್ರ ಉಳಿಯುತ್ತದೆ. ಪ್ರಿಂಟ್ ತೆಗೆಸಿಯೋ ಪಿಡಿಎಫ್ ಕೇಳಿಯೋ ಫಾರ್ಮ್ಯಾಟಿಂಗಿಗೆ ಅಂಕ ಕೊಡುವ ಪದ್ಧತಿಯನ್ನು ಬಿಡಲೇಬೇಕು. ಕಾಗದದ ಮೇಲೆ ಅರವತ್ತು ಚುಕ್ಕೆಯೂ ಒಂದು ಟ್ಯಾಬೂ ಒಂದೇ. ರೈಟರ್‌ನದೇ ಆದ ಓಡಿಟಿ ಫೈಲ್ ತರಿಸಿ, ಗುರುತುಗಳನ್ನು ತೆರೆದಿಟ್ಟು ನೋಡಿ. ಒಂದು ಫೈಲಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ.

ಪುಟ ಸಂಖ್ಯೆಯಲ್ಲಿ ರೈಟರ್ ಅರ್ಧ ಅಂಕ ಕಳೆದುಕೊಂಡಿದೆ. ಪುಟದ ಅಡಿಯ ಫುಟರ್‌ನಲ್ಲಿ ಮಕ್ಕಳು ಮೊದಲು ಮಾಡುವುದು 1 ಎಂದು ಟೈಪ್ ಮಾಡುವುದು, ಎಲ್ಲ ಪುಟವೂ ಒಂದನೇ ಪುಟವಾಗುತ್ತದೆ. ಅದು ಸುಲಭದ ತಪ್ಪು, ಪುಟಕ್ಕೆ ತಕ್ಕಂತೆ ತಾನೇ ಬದಲಾಗುವ ಸಂಖ್ಯೆಯ ಫೀಲ್ಡ್ ಹಾಕಿಸಿದರೆ ಸರಿ. ಕಷ್ಟದ್ದು ಮುಖಪುಟ ಬಿಟ್ಟು ಎರಡನೇ ಹಾಳೆಯಿಂದ 1 ಎಂದು ಶುರುಮಾಡುವುದು. ಫೀಲ್ಡಿನ ಗುಣಲಕ್ಷಣದಲ್ಲಿ ಆಫ್‌ಸೆಟ್ ಎಂಬ ಪೆಟ್ಟಿಗೆ ಕಣ್ಣೆದುರೇ ಇರುತ್ತದೆ, ಬುದ್ಧಿವಂತ ಮಕ್ಕಳು ಅಲ್ಲೇ ಕೈಹಾಕುತ್ತಾರೆ. ಆ ಪೆಟ್ಟಿಗೆ ಇರುವುದು ಬೇರೆ ಪುಟದ ಸಂಖ್ಯೆಯನ್ನು ಇಲ್ಲಿ ತೋರಿಸಲು. ಮುಂದಿನ ಪುಟದ್ದನ್ನು ತೋರಿಸು ಅಂದರೆ, ಕೊನೆಯ ಪುಟಕ್ಕೆ ಮುಂದಿನ ಪುಟವೇ ಇಲ್ಲವಾಗಿ ಅಲ್ಲಿ ಸಂಖ್ಯೆ ಮಾಯವಾಗುತ್ತದೆ. ಸರಿಯಾದ ಜಾಗ ಪುಟ ಒಡೆಯುವ ಕಡೆ: ಇನ್ಸರ್ಟ್ ಮೆನುವಿನ ಮೋರ್ ಬ್ರೇಕ್ಸ್, ಮ್ಯಾನ್ಯುಯಲ್ ಬ್ರೇಕ್, ಪೇಜ್ ಬ್ರೇಕ್ ಆರಿಸಿ, ಒಂದು ಪುಟ ಶೈಲಿ ಕೊಟ್ಟು, ಚೇಂಜ್ ಪೇಜ್ ನಂಬರ್ ಗುರುತಿಸಿ 1 ಬರೆಯುವುದು. ಫಾರ್ಮ್ಯಾಟ್ ಮೆನುವಿನ ಟೈಟಲ್ ಪೇಜ್ ಸಂವಾದದಲ್ಲೂ ಇದನ್ನು ಮಾಡಬಹುದು, ಹೈಸ್ಕೂಲಿಗೆ ಅದೇ ಸಲೀಸು.

ಟೇಬಲ್, ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಚಿತ್ರವನ್ನು ಆಸ್ ಕ್ಯಾರೆಕ್ಟರ್ ಎಂದು ಕಟ್ಟಿಬಿಟ್ಟರೆ ಅದು ಒಂದು ದೊಡ್ಡ ಅಕ್ಷರದ ಹಾಗೆ ಸಾಲಿನಲ್ಲೇ ನಿಲ್ಲುತ್ತದೆ, ಪುಟದ ಮೇಲೆಲ್ಲ ಅಲೆಯುವುದಿಲ್ಲ. ಆಕರ ಪಟ್ಟಿಗೆ ಬೇಕಾಗುವ ಹ್ಯಾಂಗಿಂಗ್ ಇಂಡೆಂಟ್‌ಗೆ (ಮೊದಲ ಸಾಲು ಅಂಚಿನಲ್ಲಿ, ಉಳಿದವು ಒಳಗೆ) ಬಿಫೋರ್ ಟೆಕ್ಸ್ಟ್ 1.25, ಫಸ್ಟ್ ಲೈನ್ ಮೈನಸ್ 1.25. ಮೈನಸ್ ಚಿಹ್ನೆ ಬಿಟ್ಟರೆ ಉಲ್ಟಾ ಆಗುತ್ತದೆ.

ಟೈಪಿಂಗ್ ಪರೀಕ್ಷೆಯನ್ನು ರೈಟರ್‌ನಲ್ಲೇ ನಡೆಸುವವರು ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಯ್ಕೆಗಳಲ್ಲಿ ವರ್ಡ್ ಕಂಪ್ಲೀಶನ್ ಚಾಲೂ ಇದೆಯೇ ನೋಡಿಕೊಳ್ಳಿ. ಚಾಲೂ ಇದ್ದರೆ ಉದ್ದ ಪದದ ಮೊದಲ ಕೆಲವು ಅಕ್ಷರಕ್ಕೇ ಉಳಿದದ್ದನ್ನು ಅದು ಮುಂದಿಡುತ್ತದೆ, ಎಂಟರ್ ಒತ್ತಿದರೆ ಮುಗಿಯಿತು. ವೇಗ ಬೆರಳಿನದೋ ತಂತ್ರಾಂಶದ್ದೋ ತಿಳಿಯುವುದಿಲ್ಲ. ಶಿಫ್ಟ್ + ಎಫ್7 ಒತ್ತಿ ಕೆಂಪು ಅಲೆಗೆರೆಯನ್ನೂ ಆರಿಸಿಬಿಡಿ. ಸಾಲಿನ ಆರಂಭದಲ್ಲಿ ಅಂಕಿ ಹೊಡೆದು ಎಂಟರ್ ಒತ್ತಿದಾಗ ತಾನಾಗಿ ಪಟ್ಟಿಯಾಗಿಬಿಟ್ಟರೆ ಗಾಬರಿ ಬೇಡ, ಕೂಡಲೇ ಒಮ್ಮೆ ಕಂಟ್ರೋಲ್ + ಝಡ್.

ಕನ್ನಡದಲ್ಲಿ ಟೈಪ್ ಮಾಡಿಸುವುದಾದರೆ

ಭಾರತೀಯ ಭಾಷೆಗಳ ಇನ್‌ಸ್ಕ್ರಿಪ್ಟ್ ಕೀ ವಿನ್ಯಾಸದಲ್ಲಿ ಸ್ವರ ಎಡಗೈಗೆ, ವ್ಯಂಜನ ಬಹುಪಾಲು ಬಲಗೈಗೆ. ಹೋಮ್ ರೋನಲ್ಲಿ ಎಡದ ತೋರುಬೆರಳಿಗೆ ಗುಡಿಸು, ಬಲದ ತೋರುಬೆರಳಿಗೆ ರ, ಅದರ ಪಕ್ಕದ ಬೆರಳಿಗೆ ಕ, ಆಮೇಲೆ ತ. ಕಿರಿ, ತಿರಿ, ಕಿತ್ತು, ರಿಕ್ತ ಇಂಥ ಪದಗಳು ಹೋಮ್ ರೋ ಬಿಡದೆ ಬರುತ್ತವೆ. ಮೊದಲ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿವೆ. ಈ ಪಾಠಗಳನ್ನು ಕ್ಲಾವಾರೋಗಿಂತ ರೈಟರ್‌ನಲ್ಲೇ ಕೊಡುವುದು ವಾಸಿ, ಒತ್ತಕ್ಷರ ಕೂಡಿ ಬರುವುದನ್ನು ಮಕ್ಕಳು ಅಲ್ಲೇ ನೋಡುತ್ತಾರೆ.

ಕನ್ನಡಕ್ಕೆ ಅಕ್ಷರ ಎಣಿಸಿ ವೇಗ ಹೇಳಬಾರದು. ವಿದ್ಯಾರ್ಥಿ ಎಂಬ ಪದ ಕಣ್ಣಿಗೆ ಮೂರಕ್ಷರ. ಬೆರಳಿಗೆ ವ, ಗುಡಿಸು, ದ, ವಿರಾಮ (ಅಕ್ಷರದ ಸ್ವರ ತೆಗೆಯುವ ಚಿಹ್ನೆ), ಯ, ಇಳಿ, ರ, ವಿರಾಮ, ಥ, ಗುಡಿಸು, ಒಟ್ಟು ಹತ್ತು ಒತ್ತು, ಥಕ್ಕೆ ಶಿಫ್ಟ್ ಬೇರೆ. ಐದು ಒತ್ತಿನ ಲೆಕ್ಕ ಹಿಡಿದರೆ ಇದೊಂದೇ ಎರಡು ಪದ. ತಿದ್ದುವಾಗಲೂ ಇದು ನೆನಪಿರಲಿ: ಬ್ಯಾಕ್‌ಸ್ಪೇಸ್ ಒಂದೊಂದೇ ಒತ್ತನ್ನು ಬಿಚ್ಚುತ್ತದೆ, ಡಿಲೀಟ್ ಇಡೀ ಸಂಯುಕ್ತಾಕ್ಷರವನ್ನು ಒಮ್ಮೆಗೇ ನುಂಗುತ್ತದೆ.

ಶೈಲಿ ತಿದ್ದುವಾಗ ರೈಟರ್ ಎರಡು ಫಾಂಟ್ ಕೇಳುತ್ತದೆ, ಒಂದು ಪಾಶ್ಚಾತ್ಯ ಲಿಪಿಗೆ, ಇನ್ನೊಂದು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ. ಕನ್ನಡ ಬರುವುದು ಎರಡನೆಯದರಲ್ಲಿ. ಮೊದಲನೆಯದರಲ್ಲಿ 14 ಹಾಕಿ ಕನ್ನಡ ದೊಡ್ಡದಾಗಲಿಲ್ಲ ಎನ್ನುವ ದೂರು ಪ್ರತಿ ತರಗತಿಯಲ್ಲೂ ಬರುತ್ತದೆ. ಎರಡನೆಯ ಭಾಗವೇ ಕಾಣದಿದ್ದರೆ ಟೂಲ್ಸ್, ಆಪ್ಶನ್ಸ್, ಭಾಷೆಗಳ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಚಾಲೂ ಮಾಡಿ ಕನ್ನಡ ಆರಿಸಬೇಕು. ಸಾಲಿನ ಅಂತರವನ್ನು ಫಿಕ್ಸೆಡ್ ಎಂದು ಇಡಬೇಡಿ. ಇಂಗ್ಲಿಷಿಗೆ ಅದು ನಡೆಯುತ್ತದೆ. ಕನ್ನಡದಲ್ಲಿ ಅಂತರ ಸ್ವಲ್ಪ ಕಡಿಮೆಯಾದರೂ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತದೆ. ಪ್ರೊಪೋರ್ಶನಲ್ 115 ಶೇಕಡಾ ಇಟ್ಟರೆ ಸ್ತ್ರೀ ಎಂಬ ಪದದ ತ, ರ ಎರಡು ಒತ್ತೂ ಪೂರ್ತಿ ಕಾಣುತ್ತವೆ. ಟೆಂಪ್ಲೇಟ್ ಮಾಡಿ ಎಲ್ಲ ಯಂತ್ರಗಳಿಗೂ ಹಾಕುವ ಮುನ್ನ ಆ ಒಂದು ಪದ ಪ್ರಿಂಟ್ ತೆಗೆದು ನೋಡಿಕೊಳ್ಳಿ.